ಹಿಂದಿನ ಸಾಲಿಗೂ ಬೆಳಕು

ಪುಟ್ಟಿ, ನರಸೀಪುರದ ಮನೆಯ ನಡುಮನೆಯಲ್ಲಿ ನನ್ನ ಅಜ್ಜಿಯ ಫೋಟೋ ಇದೆಯಲ್ಲ, ಪಿತೃಪಕ್ಷದಲ್ಲಿ ಇಳಿಸಿ, ಒರೆಸಿ, ಹಾರ ಹಾಕುತ್ತೀರಲ್ಲ, ಅದನ್ನು ಈ ಸಲ ಕಿಟಕಿಯ ಹತ್ತಿರ ಹಿಡಿದು ನೋಡು. ಎಡಭುಜದ ಮೇಲೆ, ಸೆರಗಿನ ಅಂಚಿಗೆ ತಾಗಿದಂತೆ ಮೂರು ಬೆರಳು ಕಾಣುತ್ತವೆ. ಅವು ಅಜ್ಜಿಯ ಬೆರಳಲ್ಲ, ಪಕ್ಕದಲ್ಲಿ ನಿಂತಿದ್ದ ಯಾರದ್ದೋ. ಗುಂಪಿನ ಫೋಟೋದಿಂದ ಅಜ್ಜಿಯ ಮುಖ ಒಂದನ್ನೇ ತೆಗೆದು, ದೊಡ್ಡದು ಮಾಡಿ, ಸುತ್ತಲಿನವರ ಮೇಲೆ ಬೂದುಬಣ್ಣ ಬಳಿದವರು ಆ ಮೂರು ಬೆರಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.

ನಂಜನಗೂಡಿನಲ್ಲಿ ನಲವತ್ತು ವರ್ಷ ಸ್ಟುಡಿಯೋ ಇಟ್ಟುಕೊಂಡಿದ್ದವನು ನಾನು. “ಇದರಲ್ಲಿ ನಮ್ಮಪ್ಪನ್ನ ಮಾತ್ರ ತೆಗೆದುಕೊಡಿ ಸಾರ್” ಅಂತ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಎಷ್ಟು ಜನರನ್ನು ನೋಡಿದೆನೋ. ಅವರ ಕೈಯಲ್ಲಿರುತ್ತಿದ್ದದ್ದು ಮದುವೆಯದೋ, ನಾಮಕರಣದ್ದೋ, ಗೃಹಪ್ರವೇಶದ್ದೋ ಗುಂಪಿನ ಫೋಟೋ. ನಮ್ಮ ಸೀಮೆಯ ಹಳೆಯ ತಲೆಮಾರಿನಲ್ಲಿ ಬಹಳ ಜನ ಒಬ್ಬರೇ ಕ್ಯಾಮರಾದ ಮುಂದೆ ಕೂತವರಲ್ಲ. ಹಾರ ಹಾಕುವ ಫೋಟೋ ಬೇಕಾದಾಗ ಗುಂಪಿನಿಂದಲೇ ಬರಬೇಕು. ನೀನು ನಮ್ಮ ಮನೆಯವರ ಗುಂಪಿನ ಫೋಟೋ ತೆಗೆಯುವಾಗ ಹದಿನೆಂಟು ಜನ ನಿನ್ನ ಮುಂದೆ ನಿಂತರೆ ಅದು ಹದಿನೆಂಟು ಫೋಟೋ ಅಂತ ತಿಳಿ. ಹಿಂದಿನ ಸಾಲಿನ ಮೂಲೆಯಲ್ಲಿ ನಿಂತವರ ಕಣ್ಣಿಗೂ ಬೆಳಕು ಬಿದ್ದಿದೆಯಾ ಅಂತ ನೋಡದೆ ಕ್ಲಿಕ್ ಮಾಡಬೇಡ. ನಾನು ನಿನಗೆ ಹೇಳಬೇಕಾಗಿರುವುದು ಇಷ್ಟೇ. ಮಿಕ್ಕದ್ದೆಲ್ಲ ಅದನ್ನು ಮಾಡುವ ದಾರಿ.

ನಾನೇ ಒಂದು ಸಲ ತಪ್ಪಿದ್ದೇನೆ. ಹಳ್ಳಿಯ ಮನೆ, ಸಂಜೆ, ಮುಂದೆ ಮಕ್ಕಳು, ಹಿಂದೆ ದೊಡ್ಡವರು. ಆತುರದಲ್ಲಿ ಫ್ಲ್ಯಾಶನ್ನು ಎಡಗಡೆ, ಮುಂದಿನ ಸಾಲಿಗೆ ತೀರ ಹತ್ತಿರ ಇಟ್ಟುಬಿಟ್ಟೆ. ಮುಂದಿದ್ದ ಮಕ್ಕಳ ಮುಖ ಸುಣ್ಣ ಬಳಿದ ಹಾಗೆ ಬಂತು. ಹಿಂದೆ ಬಲತುದಿಯಲ್ಲಿ ನಿಂತಿದ್ದ ಆ ಮನೆಯ ಅಜ್ಜಿಯ ಮುಖ ಕತ್ತಲಾಗಿ, ಮೂಗುತಿ ಮಾತ್ರ ಮಿನುಗಿತ್ತು. ಮೂರು ತಿಂಗಳಿಗೆ ಅಜ್ಜಿ ತೀರಿಕೊಂಡರು. ಮಗ ಆ ಫೋಟೋ ಹಿಡಿದು ಬಂದ. ನೆಗೆಟಿವ್ ತೆಗೆದು ಹೇಗೆ ಪ್ರಿಂಟ್ ಮಾಡಿದರೂ ಅಲ್ಲಿ ಮುಖ ಇರಲಿಲ್ಲ. ಬೆಳಕು ಬೀಳದ ಕಡೆ ಫಿಲ್ಮಿನಲ್ಲಿ ಏನೂ ಮೂಡಿರುವುದಿಲ್ಲ, ಆಮೇಲೆ ಯಾರು ಏನು ಮಾಡಿದರೂ ಬರುವುದಿಲ್ಲ. ಆತ ನನ್ನನ್ನು ಒಂದು ಮಾತೂ ಅನ್ನದೆ ಹೋದ. ಆ ಮೌನ ಇವತ್ತಿಗೂ ನನ್ನ ಜೊತೆ ಇದೆ.

ಲೆಕ್ಕ ಸುಲಭ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಶ್ ಮುಂದಿನ ಸಾಲಿಗೆ ಒಂದು ಮೀಟರ್, ಹಿಂದಿನ ಸಾಲಿಗೆ ಎರಡು ಮೀಟರ್ ದೂರದಲ್ಲಿದ್ದರೆ, ಹಿಂದಿನವರಿಗೆ ಸಿಗುವುದು ಮುಂದಿನವರ ಕಾಲುಪಾಲು. ಅದೇ ಫ್ಲ್ಯಾಶನ್ನು ಹಿಂದಕ್ಕೆ ಒಯ್ದು ಮುಂದಿನ ಸಾಲಿಗೆ ಮೂರು, ಹಿಂದಿನ ಸಾಲಿಗೆ ನಾಲ್ಕು ಮೀಟರ್ ಆಗುವಂತೆ ಇಡು. ಆಗ ಹಿಂದಿನವರಿಗೂ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ, ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಬೆಳಕು ದೂರದಿಂದ ಬಂದಷ್ಟೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ.

ನಿನಗೆ ಫ್ಲ್ಯಾಶೇ ಬೇಕಾಗಲಿಕ್ಕಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯ ಮಾರನೇ ದಿನ ಎಲ್ಲರೂ ನರಸೀಪುರದ ಮನೆಗೆ ಬರುತ್ತಾರೆ ಅಂದೆಯಲ್ಲ, ಅದು ತೊಟ್ಟಿಮನೆ. ಅಂಥ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ. ಆದರೆ ಜನರನ್ನು ತೊಟ್ಟಿಯ ಮಧ್ಯೆ ನಿಲ್ಲಿಸಬೇಡ. ಬೇಸಿಗೆ ಹತ್ತಿರದ ಬಿಸಿಲು ನೆತ್ತಿಯ ಮೇಲೆ ಬಿದ್ದರೆ ಕಣ್ಣಿನ ಗುಳಿಯಲ್ಲಿ ಕತ್ತಲು ಕೂರುತ್ತದೆ, ಮೂಗಿನ ಕೆಳಗೆ ನೆರಳು ಮೀಸೆ ಬರೆಯುತ್ತದೆ. ಬೆಳಿಗ್ಗೆ ಎಂಟೂವರೆಗೆ ಮೂಡಲ ಕಡೆಯ ಪಡಸಾಲೆಯಲ್ಲಿ, ಹೆಂಚಿನ ನೆರಳಿನೊಳಗೆ, ಪಡುವಲಿಗೆ ಮುಖ ಮಾಡಿಸಿ ಕೂರಿಸು. ಆ ಹೊತ್ತಿಗೆ ಬಿಸಿಲು ಎದುರಿನ ಪಡುವಣ ಗೋಡೆಯ ಮೇಲೆ ಬಿದ್ದಿರುತ್ತದೆ. ಸುಣ್ಣದ ಗೋಡೆ ಅದನ್ನು ಮೆತ್ತಗೆ ಮಾಡಿ ಎಲ್ಲರ ಮುಖಕ್ಕೂ ವಾಪಸು ಕೊಡುತ್ತದೆ, ಮೇಲಿನಿಂದ ಆಕಾಶದ ಬೆಳಕೂ ಸೇರುತ್ತದೆ. ನೀನು ತೊಟ್ಟಿಯ ಆಚೆ ಬದಿಯಲ್ಲಿ ನಿಲ್ಲು. ಬೇಕಾದ ದೂರವೂ ಸಿಕ್ಕಿತು.

ಇನ್ನೊಂದು ಕೆಲಸ ಮಾಡು. ಕೂತವರ ಮುಂದೆ, ಫೋಟೋದಲ್ಲಿ ಕಾಣದ ಹಾಗೆ, ಒಗೆದ ಬಿಳಿ ಪಂಚೆ ಹಾಸು. ನೆಲ ಕೆಂಪುಗಾರೆ, ಅದರಿಂದ ಎದ್ದ ಬೆಳಕು ಗಲ್ಲದ ಕೆಳಗೆ ಕೆಂಪು ಹಚ್ಚುತ್ತದೆ. ಪಂಚೆ ಹಾಸಿದ ತಕ್ಷಣ ನಿಮ್ಮ ತಾತನ ಹುಬ್ಬಿನ ಕೆಳಗೆ ಬೆಳಕು ಏರುವುದನ್ನು ನೀನೇ ನೋಡುತ್ತೀಯ. ವಯಸ್ಸಾದವರ ಕಣ್ಣು ಒಳಕ್ಕೆ ಹೋಗಿರುತ್ತದೆ, ಅವರಿಗೆ ಬೆಳಕು ಕೆಳಗಿನಿಂದಲೂ ಸ್ವಲ್ಪ ಬೇಕು.

ನಂಜನಗೂಡಿನ ನಿಮ್ಮ ಮನೆ ಆರ್‌ಸಿಸಿ ಮನೆ, ಕಿಟಕಿ ಚಿಕ್ಕವು, ಅಲ್ಲಿ ತೆಗೆಯಬೇಕಾಗಿ ಬಂದರೆ ಬೇರೆ ಉಪಾಯ. ಆ ಮನೆಯ ಅತಿ ದೊಡ್ಡ ದೀಪ ಅದರ ಮುಂಬಾಗಿಲು. ಎರಡು ಕದವನ್ನೂ ಪೂರ್ತಿ ತೆರೆ, ಅಡ್ಡ ಇರುವ ಬೈಕು, ಚಪ್ಪಲಿ ಸ್ಟ್ಯಾಂಡು ಸರಿಸು, ಬಾಗಿಲಿಗೆ ಮುಖ ಮಾಡಿ ಕೂರಿಸು. ಬಾಗಿಲ ಮಧ್ಯೆ ನಿಂತು ನೀನೇ ಬೆಳಕಿಗೆ ಅಡ್ಡವಾಗಬೇಡ. ಸಾಧ್ಯವಾದರೆ ಹೊರಗೆ ಜಗಲಿಗೆ ಇಳಿದು ಒಂದು ಪಕ್ಕದಿಂದ ತೆಗೆ. ಒಳಗಿನ ಟ್ಯೂಬ್‌ಲೈಟು, ಬಲ್ಬು ಎಲ್ಲಾ ಆರಿಸು. ಇದನ್ನು ಹೇಳಿದರೆ ಮನೆಯವರು ಒಪ್ಪುವುದಿಲ್ಲ, “ಇನ್ನೂ ಕತ್ತಲಾಗಲ್ವಾ?” ಅನ್ನುತ್ತಾರೆ. ಬಲ್ಬಿನ ಬೆಳಕು ಹಳದಿ, ಹಗಲಿನದು ನೀಲಿ, ಎರಡೂ ಬೆರೆತರೆ ಅರ್ಧ ಮುಖ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ. ಅದನ್ನು ಕಂಪ್ಯೂಟರಿನಲ್ಲಿ ಕೂತು ತಿದ್ದುವುದು ಬಹಳ ಕಷ್ಟ. ಒಂದೇ ಬೆಳಕು, ಸ್ವಲ್ಪ ಕಡಿಮೆ ಆದರೂ ಚಿಂತೆಯಿಲ್ಲ. ಐಎಸ್ಒ 800ಕ್ಕೋ 1600ಕ್ಕೋ ಏರಿಸಿಕೋ, ಅಪರ್ಚರ್ 5.6ರಿಂದ 8ರೊಳಗೆ ಇರಲಿ, ಶಟರ್ 1/60ಕ್ಕಿಂತ ಇಳಿಯದಿರಲಿ, ಮಕ್ಕಳಿದ್ದರೆ 1/125. ಟ್ಯೂಬ್‌ಲೈಟನ್ನೇ ನಂಬಬೇಕಾಗಿ ಬಂದರೆ ಶಟರ್ 1/100 ಇಡು. ನಮ್ಮ ಕರೆಂಟು 50 ಹರ್ಟ್ಜ್, ಹಳೆಯ ಟ್ಯೂಬು ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ, ಶಟರ್ ಅದಕ್ಕಿಂತ ಚುರುಕಾದರೆ ಫೋಟೋದಲ್ಲಿ ಪಟ್ಟೆ ಬೀಳುತ್ತದೆ.

ಫ್ಲ್ಯಾಶ್ ಹಾಕಲೇಬೇಕಾದರೆ ಜನರ ಮೇಲೆ ನೇರ ಹೊಡೆಯಬೇಡ, ಜರಿಯೆಲ್ಲ ಉರಿದು ಸೀರೆಯ ಬಣ್ಣವೇ ಹೋಗುತ್ತದೆ. ತಾರಸಿಗೋ ನಿನ್ನ ಹಿಂದಿನ ಗೋಡೆಗೋ ಹೊಡೆದು ತಿರುಗಿ ಬರುವಂತೆ ಮಾಡು. ಆದರೆ ಮೊದಲು ಗೋಡೆಯ ಬಣ್ಣ ನೋಡು. ನಮ್ಮ ಕಡೆ ಗಿಣಿಹಸಿರು, ನೀಲಿ ಬೆರೆಸಿದ ಸುಣ್ಣ, ಗುಲಾಬಿ ಎಲ್ಲಾ ಇವೆ. ಹಸಿರು ಗೋಡೆಗೆ ಹೊಡೆದರೆ ಇಡೀ ಮನೆತನಕ್ಕೆ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಕನ್ನಡಕದಲ್ಲಿ ಬೆಳಕು ಹೊಳೆದರೆ ಕನ್ನಡಕ ತೆಗೆಸಬೇಡ, ಅದಿಲ್ಲದೆ ಅವರು ಅವರೇ ಅನ್ನಿಸುವುದಿಲ್ಲ. ಕಡ್ಡಿಯನ್ನು ಕಿವಿಯ ಮೇಲೆ ಒಂದು ಕೂದಲೆಳೆ ಎತ್ತಿಸು. ಗಾಜು ತುಸು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ.

ಫೋನಿನಲ್ಲಿ ತೆಗೆಯುವುದಾದರೂ ಬೇಸರವಿಲ್ಲ, 0.5 ಮಾತ್ರ ಒತ್ತಬೇಡ. ಅದು ಎಲ್ಲರನ್ನೂ ಒಳಗೆ ಸೇರಿಸುತ್ತದೆ ನಿಜ, ಅಂಚಿನಲ್ಲಿ ನಿಂತವರ ಮುಖವನ್ನು ಎಳೆದು ಅಗಲ ಮಾಡುತ್ತದೆ. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟು 1ರಲ್ಲಿ ತೆಗೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡನ್ನೂ ಗುಂಪಿಗೆ ಬಳಸಬೇಡ, ಹಿಂದಿನ ಸಾಲಿನವರ ಕಿವಿ, ಕೂದಲು ಕರಗಿಹೋಗುತ್ತವೆ. ಕಣ್ಣು ಪಳಗಬೇಕಾದರೆ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡು. 1977ರಲ್ಲಿ ಪದ್ಮಶ್ರೀ ಬಂದವರು, ಸಾಮಾನ್ಯ ಜನರನ್ನು ಅವರಷ್ಟು ಅಕ್ಕರೆಯಿಂದ ನೋಡಿದವರು ಕಡಿಮೆ. ಒಂದೊಂದು ಚಿತ್ರದ ಮುಂದೆಯೂ ಕೂತು, ಈ ಮುಖಕ್ಕೆ ಬೆಳಕು ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸಿಕೋ.

ಈಗ ಜನರ ವಿಷಯ. ಬೆಳಕಿಗಿಂತ ಇದು ಕಷ್ಟ, ಇದಕ್ಕೆ ಲೆಕ್ಕವೂ ಇಲ್ಲ. ಹಿರಿಯರನ್ನು ಮಧ್ಯೆ ಕುರ್ಚಿಯಲ್ಲಿ ಕೂರಿಸುವುದು ಎಲ್ಲರಿಗೂ ಗೊತ್ತು. ನೀನು ಗಮನಿಸಬೇಕಾದ್ದು ಸರಿದು ಹೋಗುವವರನ್ನು. “ನಾನ್ಯಾಕೆ ಬಿಡಿ, ನೀವು ತೆಗೆಸಿಕೊಳ್ಳಿ” ಅಂತ ಒಬ್ಬ ಸೊಸೆ ಒಲೆಯ ನೆಪದಲ್ಲಿ ಒಳಗೆ ಹೋಗುತ್ತಾಳೆ. ಗಂಡ ತೀರಿಕೊಂಡ ಅತ್ತೆಯೋ ಚಿಕ್ಕಮ್ಮನೋ ತಾವಾಗಿಯೇ ಕೊನೆಗೆ, ಕಂಬದ ಮರೆಗೆ ಸರಿಯುತ್ತಾರೆ. ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟು ವರ್ಷದಲ್ಲಿ ಮೈಗೆ ಅಭ್ಯಾಸವಾಗಿರುತ್ತದೆ. ನೀನು ಹೋಗಿ ಕೈ ಹಿಡಿದು ಕರೆತಾ, ನಿಮ್ಮ ತಾತನ ಮಗ್ಗುಲಲ್ಲಿ ಕುರ್ಚಿ ಹಾಕು. ಫೋಟೋ ತೆಗೆಯುವವರ ಮಾತಿಗೆ ಆ ಹತ್ತು ನಿಮಿಷ ಯಾರೂ ಎದುರಾಡುವುದಿಲ್ಲ. ಆ ಅಧಿಕಾರವನ್ನು ಇಂಥದಕ್ಕೆ ಬಳಸು. ಹಾಸಿಗೆ ಹಿಡಿದವರಿದ್ದರೆ ಗುಂಪೇ ಅವರ ಕೋಣೆಗೆ ಹೋಗಲಿ.

ಬಿಳಿ ಸೀರೆ, ಬಿಳಿ ಪಂಚೆ ಜಾಸ್ತಿ ಇದ್ದರೆ ಕ್ಯಾಮರಾ ಮೋಸಹೋಗಿ ಮುಖವನ್ನು ಕಪ್ಪಗೆ ತೋರಿಸುತ್ತದೆ. ಮುಖ ನೋಡಿ ಅಳತೆ ಮಾಡು, ಬಟ್ಟೆ ನೋಡಿ ಅಲ್ಲ. ನಮ್ಮದು ಎಣ್ಣೆಗೆಂಪು, ಕಪ್ಪು ಮೈಬಣ್ಣದ ಮನೆತನ. ಅದನ್ನು ಬೆಳ್ಳಗೆ ಮಾಡುವ ಬಟನ್ ಯಾವ ಫೋನಿನಲ್ಲಿದ್ದರೂ ಮುಟ್ಟಬೇಡ. ನನ್ನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು ಅಳಿಸಿಕೊಡಿ ಅಂತ ಕೇಳುತ್ತಿದ್ದರು, ನಾನೂ ಅಳಿಸಿದ್ದೇನೆ. ಆಮೇಲೆ ಅದೇ ಮನೆಯವರು ಫೋಟೋ ನೋಡಿ “ಅವ್ವ ಹೀಗಿರಲಿಲ್ಲ” ಅಂದದ್ದನ್ನೂ ಕೇಳಿದ್ದೇನೆ.

120ರ ರೋಲಿನಲ್ಲಿ ನನಗೆ ಸಿಗುತ್ತಿದ್ದದ್ದು ಹನ್ನೆರಡೇ ಫ್ರೇಮು, ಒಂದು ಗುಂಪಿಗೆ ಎರಡು ಖರ್ಚು ಮಾಡಿದರೆ ಹೆಚ್ಚು. ನಿನಗೆ ಆ ಕಷ್ಟವಿಲ್ಲ. ಎಲ್ಲರ ಕಣ್ಣೂ ತೆರೆದಿರುವ ಒಂದಾದರೂ ಫೋಟೋ ಬೇಕಾದರೆ ಎಷ್ಟು ತೆಗೆಯಬೇಕು ಅಂತ ಆಸ್ಟ್ರೇಲಿಯಾದಲ್ಲಿ ಇಬ್ಬರು ಲೆಕ್ಕ ಹಾಕಿ, 2006ರಲ್ಲಿ ಇಗ್ ನೊಬೆಲ್ ಬಹುಮಾನ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಾದರೆ ತಲೆಯೆಣಿಕೆಯನ್ನು ಒಳ್ಳೆಯ ಬೆಳಕಿನಲ್ಲಿ ಮೂರರಿಂದ, ಕಡಿಮೆ ಬೆಳಕಿನಲ್ಲಿ ಎರಡರಿಂದ ಭಾಗಿಸು. ನಮ್ಮ ಹದಿನೆಂಟು ಜನಕ್ಕೆ ತೊಟ್ಟಿಮನೆಯಲ್ಲಿ ಆರು, ನಂಜನಗೂಡಿನ ಮನೆಯೊಳಗೆ ಒಂಬತ್ತು. ಅಷ್ಟಾದ ಮೇಲೂ ಇನ್ನೆರಡು ತೆಗೆ. “ಮುಗೀತು” ಅಂದ ಮೇಲೆ ಭುಜ ಸಡಿಲ ಬಿಟ್ಟು ಒಬ್ಬರನ್ನೊಬ್ಬರು ನೋಡಿ ನಗುತ್ತಾರಲ್ಲ, ಆ ಎರಡು.

ತೆಗೆದದ್ದನ್ನು ಪ್ರಿಂಟ್ ಹಾಕಿಸು. ಒಂದು ನಂಜನಗೂಡಿನಲ್ಲಿ, ಒಂದು ನರಸೀಪುರದಲ್ಲಿ ಇರಲಿ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟು ಕಪಿಲಾ ನದಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿದಾಗ, ಗಾಜಿಗೆ ಅಂಟಿಹೋದ ಫೋಟೋಗಳನ್ನು ಹಿಡಿದು ನನ್ನ ಹತ್ತಿರ ಬಂದವರಿದ್ದರು. ನೆಂದ ಫೋಟೋದ ಮೇಲಿನ ಜೆಲಟಿನ್ ಪದರ ಉಬ್ಬಿ ಗಾಜಿಗೆ ಕಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಫೋಟೋಗೂ ಗಾಜಿಗೂ ನಡುವೆ ಸುತ್ತ ರಟ್ಟಿನ ಪಟ್ಟಿ ಕೊಟ್ಟು ಕಟ್ಟು ಹಾಕಿಸು. ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು, ದಿನಾಂಕ ಬರೆ, ಮೆತ್ತನೆಯ ಪೆನ್ಸಿಲಿನಲ್ಲಿ. ಅಜ್ಜಿಯ ಭುಜದ ಮೇಲಿನ ಆ ಮೂರು ಬೆರಳು ಯಾರವು ಅಂತ ನಮ್ಮಪ್ಪನನ್ನು ಕೇಳಬಹುದಿತ್ತು, ಕೇಳಲಿಲ್ಲ. ಮೂಲ ಫೋಟೋ ಯಾವ ಮನೆಯ ಅಟ್ಟ ಸೇರಿತೋ.

ಟ್ರೈಪಾಡ್ ಕೊಳ್ಳಬೇಡ, ನನ್ನದೇ ತರುತ್ತೇನೆ, ಪಂಚೆಯನ್ನೂ ತರುತ್ತೇನೆ. ಟೈಮರ್ ಹತ್ತು ಸೆಕೆಂಡಿಗೆ ಇಡು. ಇಡುವ ಮೊದಲು ಬಲತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರು. ನಿಮ್ಮ ತಾತನ ಮದುವೆಯ ಆಲ್ಬಂ ಪೂರ್ತಿ ತಿರುವಿದರೂ ನಾನು ಎಲ್ಲೂ ಸಿಗುವುದಿಲ್ಲ, ಎಲ್ಲಾ ತೆಗೆದವನು ನಾನೇ. ಈ ಸಲ ನಾನು ಆ ಖಾಲಿ ಜಾಗದ ಪಕ್ಕದಲ್ಲಿ ನಿಂತಿರುತ್ತೇನೆ, ಬಟನ್ ಒತ್ತಿ ಓಡಿ ಬಾ.