ವಾಚು ಯಾರ ಕಡೆ ಮುಖ ಮಾಡಿದೆ?



*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ವಿಹಾರದಲ್ಲಿ ಅಪ್ಪಮಾದದ ಪಾಠ ನಡೆಯುತ್ತಿದ್ದಾಗ ಡಿಗ್ರಿ ಓದುವ ಹುಡುಗನೊಬ್ಬ ಕೇಳಿದ: “ಅಣ್ಣಾ, ಎಲ್ಲರ ಜೇಬಲ್ಲೂ ಫೋನ್ ಇದೆ. ನೀವು ಇನ್ನೂ ವಾಚ್ ಯಾಕೆ ಕಟ್ಟುತ್ತೀರಿ?” ಎಲ್ಲರೂ ನಕ್ಕರು. ಪರೀಕ್ಷೆಗೆ ಓದುತ್ತಿರುವ ಇನ್ನೊಬ್ಬ, “ಯುಪಿಎಸ್‌ಸಿಗೆ ಸಾದಾ ವಾಚು ಕಟ್ಟಿಕೊಂಡು ಹೋಗಬಹುದು, ಸ್ಮಾರ್ಟ್ ವಾಚು, ಫೋನು ಒಳಗೆ ಬಿಡಲ್ಲ” ಎಂದ. “ನೀಟ್‌ಗೆ ಯಾವ ವಾಚೂ ಬಿಡಲ್ಲ” ಎಂದಳು ಮತ್ತೊಬ್ಬಳು. ಅಲ್ಲಿಗೆ ಮಾತು ಮುಗಿಯಿತು. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಇಂದಿನ ಚಿಂತನೆ ಅದರ ಬಗ್ಗೆ.

ಗಂಟೆ ಎಷ್ಟಾಯಿತು ಎಂದು ತಿಳಿಯುವುದಷ್ಟೇ ಆದರೆ ಫೋನೇ ಮೇಲು. ಅದು ನೆಟ್‌ವರ್ಕಿನಿಂದ ತನ್ನ ಸಮಯವನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಕೀ ಕೊಡುವ ವಾಚು ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ಇದರಲ್ಲಿ ವಾದವೇ ಇಲ್ಲ. ನಾನು ಕೇಳುವುದು ಬೇರೆ: ನಮ್ಮ ಹೊತ್ತು ಯಾರ ಕೈಯಲ್ಲಿದೆ?

ಪೇಶ್ವೆಗಳ ಕಾಲದ ಪುಣೆಯ ಬಗ್ಗೆ ನಾವೆಲ್ಲ ಓದಿದ್ದೇವೆ. ಮಧ್ಯಾಹ್ನ 3ರಿಂದ ಬೆಳಿಗ್ಗೆ 9ರವರೆಗೆ ಅಸ್ಪೃಶ್ಯರು ಊರ ಬಾಗಿಲ ಒಳಗೆ ಇರುವಂತಿರಲಿಲ್ಲ. ಆ ಹೊತ್ತಿನಲ್ಲಿ ನೆರಳು ಉದ್ದ ಬೀಳುತ್ತದೆ, ಮೇಲ್ಜಾತಿಯವರ ಮೇಲೆ ಬಿದ್ದರೆ ಮೈಲಿಗೆ ಎಂದು. ಕೊರಳಿನ ಮಡಕೆ, ಸೊಂಟದ ಪೊರಕೆಯನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ. ಈ ಗಂಟೆಗಳ ಲೆಕ್ಕವನ್ನು ಅಷ್ಟಾಗಿ ನೆನೆಯುವುದಿಲ್ಲ. ನಮ್ಮ ಮೈಯನ್ನೇ ಗಡಿಯಾರದ ಮುಳ್ಳು ಮಾಡಿ ಊರಿನವರು ಹೊತ್ತು ನೋಡಿಕೊಂಡರು.

ಜೀತದಲ್ಲೂ ಇದೇ ಕತೆ. ಕನ್ನಡದಲ್ಲಿ ಹೊತ್ತು ಎಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟುವ ಮುಂಚೆ ಧಣಿಯ ಹಟ್ಟಿಯಲ್ಲಿರಬೇಕು, ಹೊತ್ತು ಮುಳುಗಿದ ಮೇಲೂ ‘ಇನ್ನೂ ಬೆಳಕೈತೆ’ ಎಂದು ಧಣಿ ಹೇಳಿದರೆ ಬೆಳಕಿದೆ ಎಂದೇ ಅರ್ಥ. ನಮ್ಮಪ್ಪ ಹುಡುಗನಾಗಿದ್ದಾಗ ಹಾಗೇ ದುಡಿದವರು. ಮುಂದೆ ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಾಗ ಅವರು ಮೊದಲು ಕೊಂಡ ಬೆಲೆಬಾಳುವ ವಸ್ತು ಒಂದು ಎಚ್‌ಎಂಟಿ ಜನತಾ. ಹಬ್ಬಕ್ಕೆ ಊರಿಗೆ ಹೋದರೆ ಬಸ್ ಸ್ಟಾಪಿನಲ್ಲಿ ಇಳಿದ ಕೂಡಲೇ ತುಂಬುದೋಳಿನ ಅಂಗಿಯ ತೋಳನ್ನು ಮಣಿಕಟ್ಟಿನ ಕೆಳಕ್ಕೆ ಎಳೆದುಕೊಳ್ಳುತ್ತಿದ್ದರು. ಒಮ್ಮೆ ಮರೆತಿದ್ದಕ್ಕೆ ಹಳೆಯ ಧಣಿ ಜಗಲಿಯ ಮೇಲಿಂದ, “ಏನ್ಲಾ, ಗಂಟೆ ನೋಡ್ಕಂಡು ಬದುಕೋವಂಗಾಗಿದ್ದೀಯಾ?” ಎಂದಿದ್ದರಂತೆ. ಅಪ್ಪ ಏನೂ ಹೇಳದೆ ನಡೆದು ಬಂದರಂತೆ. ಆದರೆ ಅವತ್ತಿನಿಂದ ತೋಳು ಇಳಿಸುವುದನ್ನು ಬಿಟ್ಟರು. ಆ ಧಣಿಗೆ ವಾಚಿನ ಬೆಲೆ ಕಣ್ಣಿಗೆ ಚುಚ್ಚಿರಲಿಲ್ಲ. ಈ ಕೈಗೆ ಇನ್ನು ‘ಬೆಳಕೈತೆ’ ಎಂದು ಹೇಳಲಾಗದು ಎಂಬುದು ಚುಚ್ಚಿತ್ತು.

ಎಚ್‌ಎಂಟಿ ವಾಚು ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಮುಂದೆ ತುಮಕೂರಿಗೂ ಬಂತು. ಮೀಸಲಾತಿ ಇದ್ದ ಸಾರ್ವಜನಿಕ ಉದ್ದಿಮೆ ಅದು. ವಾಚು ಕಟ್ಟುವುದಿರಲಿ, ವಾಚು ಮಾಡುವ ಕೆಲಸಕ್ಕೂ ನಮ್ಮವರು ಅರ್ಜಿ ಹಾಕಬಹುದಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿದಾಗ ಎಲ್ಲರೂ ಹಳೆಯ ವಾಚಿನ ನೆನಪು ಬರೆದರು. ಹೋದ ನೌಕರಿಗಳ ಬಗ್ಗೆ ಬರೆದವರು ಕಡಿಮೆ.

ಇನ್ನು ಬಾಬಾಸಾಹೇಬರ ವಿಷಯಕ್ಕೆ ಬರೋಣ. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. 1946ರ ಕಾರ್ಖಾನೆ ತಿದ್ದುಪಡಿ ಕಾಯ್ದೆ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48 ಗಂಟೆಗೆ ಇಳಿಸಿತು. (14 ಗಂಟೆಯನ್ನು ಒಂದೇ ಏಟಿಗೆ 8 ಮಾಡಿದರು ಎಂಬ ಫಾರ್ವರ್ಡ್ ಓಡಾಡುತ್ತಿರುತ್ತದೆ. ದಯವಿಟ್ಟು ಅದನ್ನು ಕಳಿಸಬೇಡಿ. ಇರುವ ಸತ್ಯವೇ ಸಾಕಷ್ಟು ದೊಡ್ಡದು.) ಯಂತ್ರ ಮನುಷ್ಯನಿಗೆ ಬಿಡುವು ಕೊಡುತ್ತದೆ, ಬಿಡುವಿಲ್ಲದೆ ಸಂಸ್ಕೃತಿಯ ಬದುಕಿಲ್ಲ ಎಂಬುದು ಅವರ ನಿಲುವು. ಚರಕದ ಆದರ್ಶವನ್ನು ಅವರು ಒಪ್ಪದಿದ್ದುದಕ್ಕೆ ಇದೂ ಒಂದು ಕಾರಣ. ಬಡವನ ಬಿಡುವಿನ ಗಂಟೆಗೂ ಬೆಲೆ ಇದೆ ಎಂದು ಬರೆದ ನಾಯಕರು ಎಷ್ಟು ಜನ ಇದ್ದರು ಹೇಳಿ?

ನಮ್ಮ ಬಳಗದ ತಂಗಿಯೊಬ್ಬಳು ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಅಲ್ಲಿ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಅವಳ ಕೈಯಲ್ಲಿ ಫುಟ್‌ಪಾತಿನಲ್ಲಿ ಕೊಂಡ ಒಂದು ವಾಚಿದೆ. ಮಿಷಿನ್ನಿನಿಂದ ಎದ್ದ ಗಂಟೆಯನ್ನು ದಿನವೂ ಸಣ್ಣ ಪುಸ್ತಕದಲ್ಲಿ ಬರೆದಿಡುತ್ತಾಳೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು ಎಂದು ಕಾನೂನು ಹೇಳುತ್ತದೆ, ಆದರೆ ಲೆಕ್ಕ ಇಟ್ಟವರಿಗೆ ತಾನೇ ಕೇಳಲು ಬಾಯಿ? ವಾರದ ಮಿತಿ 48 ಗಂಟೆಯೇ ಇದ್ದರೂ, ದಿನಕ್ಕೆ 12 ಗಂಟೆವರೆಗೆ ದುಡಿಸಲು 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ದಾರಿ ಮಾಡಿಕೊಟ್ಟಿತು. ಆ ಹುಡುಗನಿಗೆ ನಾನು ಹೇಳಬೇಕಿದ್ದ ಉತ್ತರ ಅವಳ ಮಣಿಕಟ್ಟಿನಲ್ಲಿದೆ.

ಹಾಗೆಂದು ಎಲ್ಲ ವಾಚೂ ನಮ್ಮದಲ್ಲ. ನಾಗಪುರ, ಚಂಡೀಗಢ ಮೊದಲಾದ ನಗರಗಳ ಪಾಲಿಕೆಗಳು ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿಸಿದವು. ಕಾರ್ಮಿಕ ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂಬುದೆಲ್ಲ ದೂರದ ಕೋಣೆಯ ಪರದೆಯ ಮೇಲೆ ಕಾಣುತ್ತದೆ. ನೀರು ಕುಡಿಯಲು, ಶೌಚಕ್ಕೆ ಹೋಗಲೂ ಹೆದರುವಂತಾಗಿದೆ ಎಂದು ಕಾರ್ಮಿಕರು ದೂರಿದರು, ಪ್ರತಿಭಟಿಸಿದರು. ಆ ಕೆಲಸದಲ್ಲಿರುವವರು ಯಾರು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮ ದೀಕ್ಷೆ ಪಡೆದ ಅದೇ ನಾಗಪುರ! ವಾಚು ಕಟ್ಟಿದವರ ಕೈಯಲ್ಲಿದೆ, ಅದರ ಮುಖ ಮಾತ್ರ ಮೇಲಿನವರ ಕಡೆಗಿದೆ. ಪುಣೆಯ ನೆರಳಿನ ಲೆಕ್ಕ ಇದಕ್ಕಿಂತ ಎಷ್ಟು ದೂರ?

ಫೋನಿನ ಬಗ್ಗೆ ನನ್ನ ಅನುಮಾನ ಇಲ್ಲಿಂದಲೇ ಬಂದದ್ದು. ಅದು ನಮ್ಮ ಜೇಬಿನಲ್ಲಿದ್ದರೂ ಮುಖ ಎತ್ತ ಇದೆ? ಗಂಟೆ ನೋಡಲು ತೆಗೆಯುತ್ತೇವೆ. ಮೂರು ಮೆಸೇಜು, ಒಂದು ಜಾಹೀರಾತು, ಯಾರದೋ ಜಗಳದ ವಿಡಿಯೋ. ಹತ್ತು ನಿಮಿಷ ಬಿಟ್ಟು ಜೇಬಿಗೆ ಹಾಕುತ್ತೇವೆ, ಗಂಟೆ ಎಷ್ಟು ಎಂದು ಕೇಳಿದರೆ ಮತ್ತೆ ತೆಗೆಯಬೇಕು. ಇದನ್ನೇ ಬುದ್ಧರು ಪಮಾದ ಎಂದರು, ಮೈಮರೆವು. ಅಪ್ಪಮಾದ ಅದರ ಎದುರು. ಕುಸಿನಾರದಲ್ಲಿ ಪರಿನಿಬ್ಬಾಣದ ಮುಂಚೆ ಅವರು ಭಿಕ್ಷುಗಳಿಗೆ ಕೊನೆಯದಾಗಿ ಹೇಳಿದ್ದು ಅಪ್ಪಮಾದವನ್ನೇ. ಇನ್ನೊಂದು ಪಾಠ ನನಗೆ ಬಹಳ ಇಷ್ಟ. ರಾತ್ರಿಯನ್ನು ಮೂರು ಯಾಮ ಮಾಡಿ, ಮೊದಲ ಮತ್ತು ಕೊನೆಯ ಯಾಮದಲ್ಲಿ ಕುಳಿತೋ ನಡೆದೋ ಮನಸ್ಸನ್ನು ಶುದ್ಧಗೊಳಿಸಬೇಕು, ನಡುವಿನ ಯಾಮದಲ್ಲಿ ಬಲ ಮಗ್ಗುಲಿಗೆ ಮಲಗಬೇಕು, ಮಲಗುವಾಗ ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎನ್ನುತ್ತಾರೆ. ವಾಚೂ ಇಲ್ಲ, ಅಲಾರಮ್ಮೂ ಇಲ್ಲ! ನಮಗೆ ಅಷ್ಟು ಸಾಧ್ಯವಾಗದಿದ್ದರೂ, ಗಂಟೆ ಹೇಳಿ ಸುಮ್ಮನಾಗುವ ಒಂದು ವಸ್ತುವನ್ನು ಹತ್ತಿರ ಇಟ್ಟುಕೊಳ್ಳಬಹುದು.

ಇನ್ನೊಂದು ಕಿರಿಕಿರಿ. ದೀಕ್ಷೆ ತೆಗೆದುಕೊಂಡ ಮನೆಗಳ ಫೋನಿಗೂ ಬೆಳಿಗ್ಗೆ ರಾಹುಕಾಲ, ಗುಳಿಕಕಾಲದ ಮೆಸೇಜು ಬರುತ್ತದೆ, ಕೆಲವರು ಓದಿಯೂ ಓದುತ್ತಾರೆ. ಜಾತಕ ಕಥೆಗಳಲ್ಲಿ ನಕ್ಖತ್ತ ಜಾತಕ ಅಂತ ಒಂದಿದೆ. ಮದುವೆಯ ದಿನ ನಕ್ಷತ್ರ ಸರಿಯಿಲ್ಲ ಎಂಬ ಮಾತು ಕೇಳಿ ಗಂಡಿನ ಕಡೆಯವರು ಹೋಗುವುದೇ ಇಲ್ಲ. ಕಾದು ಸಾಕಾದ ಹೆಣ್ಣಿನ ಕಡೆಯವರು ಬೇರೆಯವರಿಗೆ ಹುಡುಗಿಯನ್ನು ಕೊಟ್ಟುಬಿಡುತ್ತಾರೆ. ಮಾರನೆಯ ದಿನ ಬಂದವರಿಗೆ ಸಿಕ್ಕಿದ್ದು ಜಗಳ ಮಾತ್ರ. ವಾಚಿನ ಮುಳ್ಳಿಗೆ ಒಳ್ಳೆ ಗಂಟೆ, ಕೆಟ್ಟ ಗಂಟೆ ಗೊತ್ತಿಲ್ಲ. ಹನ್ನೆರಡೂ ಅದಕ್ಕೆ ಒಂದೇ.

ಇದನ್ನು ಓದಿ ಯಾರೂ ಅಂಗಡಿಗೆ ಓಡಬೇಡಿ. ಒಂದು ಕಾಲಕ್ಕೆ ವರನಿಗೆ ವಾಚು, ಉಂಗುರ, ಸೈಕಲ್ಲು ಎಂದು ಹೆಣ್ಣು ಹೆತ್ತವರನ್ನು ಸಾಲಕ್ಕೆ ತಳ್ಳಿದ್ದೂ ಇದೇ ವಾಚು. ಸಂಬಳದ ಎರಡು ತಿಂಗಳ ಹಣ ಸುರಿದು ತೋರಿಕೆಗೆ ಕಟ್ಟುವ ವಾಚಿನಲ್ಲೂ ಗಂಟೆ ಅಷ್ಟೇ. ಹಳೆಯದು ಬೀರುವಿನಲ್ಲಿದ್ದರೆ ರಿಪೇರಿ ಮಾಡಿಸಿ, ಸಾಕು. ಹಾಂ, ಇದನ್ನೂ ನೀವು ಓದುತ್ತಿರುವುದು ಫೋನಿನಲ್ಲೇ ಎಂದು ಗೊತ್ತು. ಓದಿ ಮುಗಿಸಿ, ಕೆಳಗಿಡಿ.

ಈ ಹುಣ್ಣಿಮೆಗೆ ವಿಹಾರದಲ್ಲಿ ಅಷ್ಟಶೀಲ ಪಾಲನೆ ಇದೆ. ವಿಕಾಲ ಭೋಜನ ಬಿಡುವ ಶೀಲ ಇರುವುದರಿಂದ ಮಧ್ಯಾಹ್ನ 12ಕ್ಕೆ ಮುಂಚೆ ಎಲ್ಲರ ಊಟ ಮುಗಿಯಬೇಕು, 11ಕ್ಕೆ ಬಡಿಸಲು ಶುರು. ಫೋನುಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಇಟ್ಟು ಬನ್ನಿ. ಗೋಡೆ ಗಡಿಯಾರದ ಸೆಲ್ ಮುಗಿದಿದೆ, ಯಾರಾದರೂ ಒಂದು ಸೆಲ್ ತನ್ನಿ. ವಾಚು ಇರುವವರು ಕಟ್ಟಿಕೊಂಡು ಬಂದರೆ ಬಡಿಸುವವರಿಗೆ ಅನುಕೂಲ.