ಅಣ್ಣಿಗೇರಿಯ ಕಂಬದ ಮೇಲೊಂದು ಗೀರು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಅಣ್ಣಿಗೇರಿಯ ಒಂದು ಪ್ರೌಢಶಾಲೆ. ಎಂಟನೇ ತರಗತಿಗೆ ಕಲ್ಲುಗಳ ಗಡಸುತನದ ಪಾಠ. ಪೀಠಿಕೆಯಲ್ಲಿ, ಪರವೂರಿನವರು ಬಂದರೆ ನಿಮ್ಮೂರಲ್ಲಿ ಏನು ತೋರಿಸುತ್ತೀರಿ ಎಂದು ಕೇಳಿದೆ. ‘ನಮ್ಮೂರಾಗ ನೋಡಾಕ ಏನೈತ್ರಿ ಅಕ್ಕೋರ, ಹುಬ್ಬಳ್ಳಿಗೆ ಕರ್ಕೊಂಡ್ ಹೋಗ್ತೀವ್ರಿ’ ಎಂದು ಹಿಂದಿನ ಬೆಂಚಿನವನೊಬ್ಬ ಹೇಳಿದ. ತರಗತಿಯೆಲ್ಲ ನಕ್ಕಿತು. ಪಂಪನ ಹೆಸರು ಬಂತು, ಪರೀಕ್ಷೆಯ ಉತ್ತರದ ಹಾಗೆ. ಅಮೃತೇಶ್ವರ ಗುಡಿಯ ಹೆಸರೂ ಬಂತು. ಆದರೆ ಅದು ಅವರಿಗೆ ಕಾಯಿ ಒಡೆಸುವ ಜಾಗ, ನೋಡುವ ಜಾಗವಲ್ಲ.

ಬೋಧನೋಪಕರಣಗಳು ಸರಳ: ಬಳಪ, ಕಬ್ಬಿಣದ ಮೊಳೆ, ಗೆಳತಿ ಬಾದಾಮಿಯಿಂದ ತಂದುಕೊಟ್ಟ ಮರಳುಗಲ್ಲಿನ ತುಂಡು. ಬಳಪದ ಮೇಲೆ ಉಗುರಿನಿಂದಲೇ ಗೀರು ಬಿತ್ತು. ಮರಳುಗಲ್ಲಿನ ಮೇಲೆ ಮೊಳೆ ಎಳೆದರೆ ಕಾಳು ಉದುರಿದವು, ಸಣ್ಣ ಗೆರೆ ಮೂಡಲಿಲ್ಲ. ಮೋಸ್ ಮಾಪಕದಲ್ಲಿ ಬಳಪದ ಕಲ್ಲಿನಲ್ಲಿರುವ ಟಾಲ್ಕ್‌ನ ಗಡಸುತನ 1, ಉಗುರಿನದು ಸುಮಾರು 2.5, ಮರಳಿನ ಕಾಳಾದ ಕ್ವಾರ್ಟ್ಜ್‌ನದು 7. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಸುಮಾರು 1050ರ ಅಮೃತೇಶ್ವರ ಗುಡಿ ಬಳಪದ ಜಾತಿಯ ಕಪ್ಪು ಕಲ್ಲಿನದು. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಕಲ್ಲು ಬದಲಿಸಿದ್ದರಿಂದಲೇ ಉಳಿಗೆ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತು ಎಂದು ವಿವರಿಸಿದೆ. ಲಕ್ಕುಂಡಿ, ಇಟಗಿ, ಮುಂದೆ ಬೇಲೂರಿನಲ್ಲೂ ಇದೇ ಜಾತಿಯ ಕಲ್ಲು.

ಇಲ್ಲಿಯವರೆಗೆ ಪಾಠ ಯೋಜನೆಯಂತೆ ನಡೆಯಿತು.

ಮರುದಿನ ಗುಡಿಗೆ ಹೋದೆವು. ಒಳಗೆ 76 ಕಂಬಗಳು. ಮಕ್ಕಳು ಎಣಿಸತೊಡಗಿದರು, ಕಂಬದ ಬಳೆಗಳನ್ನು ನೋಡಿ ‘ಮಂಚದ ಕಾಲು ಇದ್ದಾಂಗ ಐತಿ’ ಎಂದರು. ನಾನು ಹಿಗ್ಗಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಅದೇ ಹುಡುಗ ಕಿಸೆಯಿಂದ ಮೊಳೆ ತೆಗೆದು ಕಂಬದ ಬುಡದಲ್ಲಿ ಎಳೆದು, ‘ಖರೇನ ಬಳಪ ಐತ್ರಿ ಅಕ್ಕೋರ!’ ಎಂದ. ಬೆರಳುದ್ದದ ಬಿಳಿ ಗೀರು. ಸುಮಾರು ಒಂಬೈನೂರ ಎಪ್ಪತ್ತು ವರ್ಷದ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ. ಹುಡುಗನ ಮುಖದಲ್ಲಿ ತಪ್ಪು ಮಾಡಿದ ಭಾವವೇ ಇರಲಿಲ್ಲ. ನಾನು ಕಲಿಸಿದ್ದನ್ನೇ ಅವನು ಮಾಡಿದ್ದ. ಮಾರ್ಗದರ್ಶಕ ಶಿಕ್ಷಕರು ಅವನನ್ನು ಗದರಿಸಲಿಲ್ಲ. ನನ್ನ ಪಾಠಯೋಜನೆ ಇಸಿದುಕೊಂಡು ಓದಿ, ‘ಮೊಳಿ ಸಾಲ್ಯಾಗ ಬಿಟ್ಟು ಬರ್ರಿ ಅಂತ ಎಲ್ಲಿ ಬರದೀರಿ?’ ಎಂದು ಕೇಳಿದರು. ಎಲ್ಲೂ ಬರೆದಿರಲಿಲ್ಲ.

ಅಲ್ಲೇ ಒಬ್ಬ ಹುಡುಗಿ ಕೇಳಿದಳು: ‘ಇಷ್ಟ ಮೆತ್ತಗಿದ್ರ ಇಷ್ಟ ವರ್ಷ ಹ್ಯಾಂಗ ಉಳೀತ್ರಿ?’ ನನಗೆ ಆಗ ಉತ್ತರ ತೋಚಲಿಲ್ಲ. ಮೆತ್ತಗಿನದು ಬೇಗ ಹಾಳಾಗುತ್ತದೆ ಎಂಬ ಕಲ್ಪನೆಯನ್ನು ನನ್ನ ಪಾಠವೇ ಅವಳಲ್ಲಿ ಬಿತ್ತಿತ್ತು. ಗಡಸುತನವೆಂದರೆ ಗೀರನ್ನು ತಡೆಯುವ ಗುಣ ಮಾತ್ರ. ಮಳೆ, ಬಿಸಿಲು ತಾಳುವುದು ಬೇರೆ ಗುಣ. ಟಾಲ್ಕ್ ನೀರಿನಲ್ಲಿ ಕರಗುವುದಿಲ್ಲ, ಆಮ್ಲಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಈ ಕಲ್ಲಿಗೆ ಮಳೆಗಿಂತ ಮೊಳೆಯ ಭಯ ಹೆಚ್ಚು. ಇದನ್ನು ಹೇಳಲು ನನಗೆ ಮುಂದಿನ ಅವಧಿ ಬೇಕಾಯಿತು.

‘ಬಿ’ ವಿಭಾಗಕ್ಕೆ ಇದೇ ಪಾಠ ಮಾಡುವಾಗ ಕ್ರಮ ತಿರುಗಿಸಿದೆ. ಮೊದಲು ಬರಿಗೈಯಲ್ಲಿ ಗುಡಿ, ಆಮೇಲೆ ತರಗತಿಯಲ್ಲಿ ಮೊಳೆ. ಜೊತೆಗೆ ಬಳಪ, ಸುಣ್ಣದಕಲ್ಲುಗಳ ಮೇಲೆ ಲಿಂಬೆರಸ ಹಾಕಿಸಿದೆ. ಗಡಸಾದ ಸುಣ್ಣದಕಲ್ಲು ನೊರೆಯುಗುಳಿತು, ಮೆತ್ತಗಿನ ಬಳಪ ಸುಮ್ಮನಿತ್ತು. ನವಲಗುಂದದ ಶಾಲೆಗಳಿಗೆ ಹೋಗುವ ಗೆಳೆಯರು ಅಲ್ಲಿಯ ಜಮಖಾನದ ವಿನ್ಯಾಸದಲ್ಲಿ ಸಮಮಿತಿ ಕಲಿಸಬಹುದು. ಜಮಖಾನಕ್ಕೆ ಗೀರು ಬೀಳುವುದಿಲ್ಲ.

ಮೌಲ್ಯಮಾಪನಕ್ಕೆ ‘ಪರವೂರಿನವರಿಗೆ ನಮ್ಮೂರು’ ಎಂದು ಐದು ಸಾಲು ಬರೆಸಿದೆ. ಹುಬ್ಬಳ್ಳಿಗೆ ಕರೆದೊಯ್ಯುತ್ತೇನೆ ಎಂದಿದ್ದವನು ಎಡಗಡೆಯ ಎಷ್ಟನೆಯ ಕಂಬದಲ್ಲಿ ತನ್ನ ಗೀರು ಇದೆ ಎಂದು ಬರೆದು, ಅದನ್ನು ಹೊಡೆದುಹಾಕಿ, ಮತ್ತೆ ಬರೆದಿದ್ದ.