ಕೈಯಲ್ಲಿ ಮೊಬೈಲ್, ಮನದಲ್ಲಿ ಸಂಯಮ



ಆರೋಗ್ಯದ ಪುಟದಲ್ಲಿ ಮೊಬೈಲ್ ಬಳಕೆಯ ಶಿಷ್ಟಾಚಾರವೇಕೆ ಎಂದು ತಾವು ಕೇಳಬಹುದು. ಅದರಿಂದಾಗುವ ಕಣ್ಣುರಿ, ಕುತ್ತಿಗೆ ನೋವು, ನಿದ್ರಾನಾಶಗಳು ಎಲ್ಲರಿಗೂ ತಿಳಿದವೇ. ಇಂದು ಹೇಳಬೇಕಾದುದು ಬೆರಳ ತುದಿಯಿಂದ ಹರಡುವ ಇನ್ನೊಂದು ವ್ಯಾಧಿಯ ವಿಷಯ.

2018ರ ಜುಲೈ 13ರಂದು ಹೈದರಾಬಾದಿನ ಕೆಲವು ಸ್ನೇಹಿತರು ನಮ್ಮ ಔರಾದ ಭಾಗಕ್ಕೆ ಬಂದಿದ್ದರು. ದಾರಿಯಲ್ಲಿ ಕಂಡ ಶಾಲಾಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ಎಲ್ಲೆಡೆ ಹಬ್ಬಿತ್ತು. ನೋಡಿದವರು ಶಂಕಿಸಿದರು, ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು. ಜನಸಮೂಹದ ಹಲ್ಲೆಯಲ್ಲಿ ನಿರಪರಾಧಿ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಜೊತೆಗಿದ್ದವರೂ ರಕ್ಷಣೆಗೆ ಬಂದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು.

ಯಂತ್ರಕ್ಕೆ ಮಿತಿ ಬಂತು. ಮನಸ್ಸಿಗೆ ಮಿತಿ ಹಾಕುವವರು ಯಾರು? ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಕುರಿತದ್ದು. ಮಲ, ಮೂತ್ರ, ಹಸಿವು, ನಿದ್ರೆ ಮೊದಲಾದ 13 ಶಾರೀರಿಕ ವೇಗಗಳನ್ನು ತಡೆಯಬಾರದು. ಆದರೆ ಭಯ, ಕ್ರೋಧ, ಲೋಭ, ಈರ್ಷ್ಯೆಗಳೆಂಬ ಮನೋವೇಗಗಳನ್ನೂ, ಅಸತ್ಯ, ಚಾಡಿ, ಹೊತ್ತಲ್ಲದ ಹೊತ್ತಿನ ಮಾತುಗಳೆಂಬ ವಾಗ್ವೇಗಗಳನ್ನೂ ತಡೆಯಲೇಬೇಕು. ಓದಿದೊಡನೆ ನಾಲ್ಕು ಜನರಿಗೆ ಕಳುಹಿಸಬೇಕೆಂಬ ತುಡಿತ ಈ ಎರಡನೆಯ ಬಗೆಯದು. ಬುದ್ಧಿ, ಧೃತಿ, ಸ್ಮೃತಿಗಳು ಜಾರಿದಾಗ ಮಾಡುವ ತಪ್ಪನ್ನು ಚರಕರು ಪ್ರಜ್ಞಾಪರಾಧವೆಂದು ಕರೆದು, ಅದನ್ನು ರೋಗಗಳ ಮೂಲಕಾರಣಗಳಲ್ಲಿ ಎಣಿಸಿದ್ದಾರೆ.

ನನ್ನ ಚಿಕಿತ್ಸಾಲಯದಲ್ಲಿಯೂ ಇದನ್ನು ಕಾಣುತ್ತೇನೆ. ಭಾಲ್ಕಿ ಕಡೆಯ ತಾಯಿಯೊಬ್ಬರು ಮೊಬೈಲಿನಲ್ಲಿ ಬಂದ ಕಷಾಯದ ಸಂದೇಶ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಿದ್ದರು. ಕಾಲಿನ ಗಾಯ ಮಾಯದೆ ಕೀವು ತುಂಬಿದ ಮೇಲೆ ನನ್ನಲ್ಲಿಗೆ ಬಂದರು. ಅವರನ್ನು ಕೂಡಲೇ ಬೀದರಿನ ಶಸ್ತ್ರವೈದ್ಯರ ಬಳಿ ಕಳುಹಿಸಬೇಕಾಯಿತು. ಆ ಸಂದೇಶ ಕಳುಹಿಸಿದವರು ಅವರ ಹಿತೈಷಿಗಳೇ ಆಗಿದ್ದರು! ಆಯುರ್ವೇದದ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಔಷಧವಲ್ಲ. ರೋಗಿಯನ್ನು ನೋಡದೆ ಹೇಳಿದ ಮದ್ದು ಚಿಕಿತ್ಸೆಯಲ್ಲ.

ಆದ್ದರಿಂದ ಈ ಪಥ್ಯವನ್ನು ಪಾಲಿಸೋಣ:

1. ಭಯ ಅಥವಾ ಕೋಪ ಹುಟ್ಟಿಸುವ ಸಂದೇಶ ಬಂದರೆ ಮೊಬೈಲನ್ನು ಕೆಳಗಿಡಿ, ಹತ್ತು ಬಾರಿ ದೀರ್ಘವಾಗಿ ಉಸಿರಾಡಿ. ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಮೂಲ ತಿಳಿಯದೆ ಮುಂದೆ ಕಳುಹಿಸಬೇಡಿ.

2. ಅಪರಿಚಿತರ ಬಗ್ಗೆ ಸಂದೇಹವಿದ್ದರೆ ಗುಂಪಿಗೆ ಚಿತ್ರ ಹಾಕದೆ 112ಕ್ಕೆ ಕರೆ ಮಾಡಿ.

3. ಅಪಘಾತ ಕಂಡರೆ ಚಿತ್ರೀಕರಿಸದೆ ನೆರವಾಗಿ. ವಾಹನ ನಡೆಸುವಾಗ ಮೊಬೈಲ್ ಮುಟ್ಟಬೇಡಿ.

4. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ತಿಳಿಸಿ.

5. ಪ್ರವಚನ, ಪ್ರಸಾದ, ಸಾವಿನ ಮನೆ, ಆಸ್ಪತ್ರೆಗಳಲ್ಲಿ ಮೊಬೈಲ್ ಮೌನವಾಗಿರಲಿ. ಮಲಗುವ ಒಂದು ಗಂಟೆ ಮೊದಲೇ ಅದನ್ನು ದೂರವಿಡಿ.

ನಡೆ ನುಡಿ ಒಂದಾಗಿರಬೇಕೆಂದು ಶರಣರು ಬಾಳಿ ತೋರಿದ ನೆಲವಿದು. ಇಂದು ಬೆರಳೂ ನುಡಿಯುತ್ತದೆ. ಬಾಯಿಂದ ಆಡಲಾರದ ಮಾತನ್ನು ಬೆರಳಿನಿಂದ ಆಡದಿರೋಣ.